ಹೊಸ ಕಬ್ಬಿಣಕ್ಕೆ ಎಣ್ಣೆ

ಹೊಳೆಯ ದಂಡೆಯ ದಿಬ್ಬದ ಮೇಲೊಂದು ಆಶ್ರಮ. ಆಶ್ರಮ ಅಂದ ಕೂಡಲೇ ಜಿಂಕೆ, ಹೂಬಳ್ಳಿ, ಪರ್ಣಕುಟೀರ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಶೀಟು ಹೊದಿಸಿದ ಎರಡು ಮನೆ, ಒಂದು ಜಗಲಿ, ಅಂಗಳದಲ್ಲೊಂದು ಹೊಂಗೆ ಮರ, ಮರದ ಕೆಳಗೊಂದು ಹಳೇ ಕಾರು. ಅಷ್ಟೇ.

ಗುರುಗಳ ಹೆಸರು ನಿರ್ವಾಣಯ್ಯ. ನಮ್ಮ ಕಡೆ ಸ್ವಾಮಿಗಳನ್ನು ‘ಬುದ್ಧಿ’ ಅಂತ ಕರೆಯುವುದು ರೂಢಿ. ಅವರನ್ನೂ ಹಾಗೇ ಕರೆಯುತ್ತಿದ್ದರು. ಮಾತು ಕಡಿಮೆ. ಆಡಿದ ಮಾತು ಅರ್ಥವಾಗುವುದು ಇನ್ನೂ ಕಡಿಮೆ.

ಅವರ ಅಕ್ಕ ಹೊಂಬಾಳಮ್ಮ. ಗಂಡ ತೀರಿಕೊಂಡ ಮೇಲೆ ತಮ್ಮನ ಹತ್ತಿರ ಬಂದು ಆಶ್ರಮದ ಒಲೆ ನೋಡಿಕೊಂಡವರು. ಎಲ್ಲರಿಗೂ ಅವರು ಅವ್ವ. ತಮ್ಮ ಆಡದೆ ಉಳಿಸಿದ ಮಾತನ್ನೆಲ್ಲ ಅವರೇ ಆಡಿ ಮುಗಿಸುತ್ತಿದ್ದರು.

ಶಿಷ್ಯನ ಹೆಸರು ಶಿವಮಲ್ಲು. ಪಟ್ಟಣದಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಅಂಗಡಿ ಇಟ್ಟಿದ್ದವನು. ತಾಯಿ ಹೋದ ಮೇಲೆ ಅಂಗಡಿಗೆ ಬೀಗ ಹಾಕಿ ಇಲ್ಲಿಗೆ ಬಂದ. ಬಂದ ದಿನ ಅವ್ವ ಬಡಿಸಿದ ಮುದ್ದೆ ಉಂಡು, ಎಲೆಯ ಮುಂದೆಯೇ ಕೂತು ಅತ್ತುಬಿಟ್ಟ. ಇವನಿನ್ನು ವಾಪಸ್ಸು ಹೋಗುವವನಲ್ಲ ಅಂತ ಅವತ್ತೇ ಎಲ್ಲರಿಗೂ ಗೊತ್ತಾಯಿತು.

ಇನ್ನೂ ಕೆಲವರು ಅಲ್ಲಿದ್ದರು. ಈ ಕಥೆಗೆ ಅವರು ಬೇಡ.

ಆಶ್ರಮದಲ್ಲಿ ನಿಯಮಗಳು ಜಾಸ್ತಿ ಇರಲಿಲ್ಲ. ಆಶ್ರಮದ ಕೆಲಸ ಆಶ್ರಮದವರ ಕೈಯಲ್ಲೇ ಆಗಬೇಕು ಅನ್ನುವುದೊಂದು. ಗೋಡೆ ಬಿದ್ದರೆ ತಾವೇ ಕಟ್ಟುವುದು, ಬಟ್ಟೆ ಹರಿದರೆ ತಾವೇ ಹೊಲಿಯುವುದು.

ಇನ್ನೊಂದು, ಸಂಜೆ ದೀಪ ಹಚ್ಚುವ ಮುಂಚೆ ಕಬ್ಬಿಣದ ಸಾಮಾನನ್ನೆಲ್ಲ ಒರೆಸಿ ಹರಳೆಣ್ಣೆ ಮುಟ್ಟಿಸುವುದು. ಗುದ್ದಲಿ, ಕುಡುಗೋಲು, ಬಾವಿಯ ರಾಟೆ, ಕ್ಷೌರದ ಕತ್ತಿ, ಒಂದನ್ನೂ ಬಿಡುವಂತಿರಲಿಲ್ಲ. ಹೊಳೆಯ ಗಾಳಿಗೆ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗಿಬಿಡುತ್ತಿತ್ತು.

“ದುಡಿದ ಕಬ್ಬಿಣವನ್ನ ಒಣಗಿಸಿ ಮಲಗಿಸಬಾರದು,” ಅನ್ನುತ್ತಿದ್ದರು ನಿರ್ವಾಣಯ್ಯನವರು.

ಎಣ್ಣೆಯ ಕುಡಿಕೆ ಇರುತ್ತಿದ್ದದ್ದು ಅವ್ವನ ಕೈಯಲ್ಲಿ. ಸಾಮಾನು ಮುಗಿದ ಮೇಲೆ ಉಳಿದದ್ದನ್ನು ಎದುರಿಗೆ ಸಿಕ್ಕವರ ನೆತ್ತಿಗೆ ತಟ್ಟುತ್ತಿದ್ದರು. ಶಿವಮಲ್ಲುವಿನ ತಲೆ ಯಾವಾಗಲೂ ಹರಳೆಣ್ಣೆ ವಾಸನೆ.

ಆ ಕಾರು ಒಬ್ಬ ಭಕ್ತರು ಕೊಟ್ಟದ್ದು. ಹೊಳೆಯಾಚೆಯ ಹಳ್ಳಿಗಳಿಂದ ಕಾಯಿಲೆಯವರು ದೋಣಿಯಲ್ಲಿ ಬಂದು ಕಡವಿನಲ್ಲಿ ಇಳಿಯುತ್ತಿದ್ದರು. ಆಸ್ಪತ್ರೆ ಪಟ್ಟಣದಲ್ಲಿ. ಅವರನ್ನು ಕರೆದೊಯ್ಯುವುದಕ್ಕೆ ಆ ಕಾರು, ಓಡಿಸುವುದಕ್ಕೆ ಶಿವಮಲ್ಲು.

ಒಂದು ದಿನ ದಿಬ್ಬ ಇಳಿಯುವಾಗ ಮುಂದಿನ ಚಕ್ರಗಳು ಕೀರಲು ಹಿಡಿದವು. ಪಟ್ಟಣದಲ್ಲಿ ಗ್ಯಾರೇಜು ಇಟ್ಟಿದ್ದ ಮಸ್ತಾನ್ ಬಗ್ಗಿ ನೋಡಿದ.

“ಬ್ರೇಕ್ ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದೆ ಸ್ವಾಮಿ. ಡಿಸ್ಕಿನಲ್ಲಿ ಗೀರು ಬಿದ್ದಿದೆ. ಎರಡೂ ಬದಲಾಯಿಸಬೇಕು. ಗಾಡಿ ಇಲ್ಲೇ ಬಿಡಿ, ಸಂಜೆಗೆ ಕೊಡ್ತೀನಿ.”

“ಬುದ್ಧಿಯವರನ್ನ ಕೇಳಿ ಹೇಳ್ತೀನಿ,” ಅಂದ ಶಿವಮಲ್ಲು.

ಕೇಳುವ ಮುಂಚೆಯೇ ಅವನ ಮನಸ್ಸಿನಲ್ಲಿ ತೀರ್ಮಾನವಾಗಿತ್ತು. ರಿಪೇರಿ ಮಾಡಿದ ಕೈಯದು, ತುರಿಸುತ್ತಿತ್ತು.

ಅವನು ಬಂದಾಗ ನಿರ್ವಾಣಯ್ಯನವರು ಹೊಂಗೆ ಮರಕ್ಕೆ ಕನ್ನಡಿ ನೇತುಹಾಕಿ ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು.

“ಬುದ್ಧಿ, ಬ್ರೇಕು ಸವೆದಿದೆ. ಗ್ಯಾರೇಜಿಗೆ ಬಿಡೋದಾ, ನಾನೇ ಹಾಕೋದಾ?”

ಅವರು ಕತ್ತಿ ಆಡಿಸುತ್ತಲೇ ಇದ್ದರು. ಗಲ್ಲ ಮುಗಿಸಿದರು, ಗದ್ದ ಮುಗಿಸಿದರು. ಆಮೇಲೆ ಕತ್ತಿಯನ್ನು ಅಕ್ಕನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತು ತಲೆ ಬಗ್ಗಿಸಿದರು.

ಅವ್ವ ಹಿಂತಲೆಗೂ ಕತ್ತಿಗೂ ನೀರು ಮುಟ್ಟಿಸಿ ಬೋಳಿಸತೊಡಗಿದರು. ಹೆಂಗಸು ಕತ್ತಿ ಹಿಡಿಯುವುದಾ ಅಂತ ಊರವರು ಮೊದಮೊದಲು ಗೊಣಗಿದ್ದುಂಟು. ಆಶ್ರಮದ ಕೆಲಸ ಆಶ್ರಮದವರ ಕೈಯಲ್ಲೇ ಅಂದ ಮೇಲೆ ಅದೂ ಸೇರಿತಲ್ಲ.

“ಮುಂದಕ್ಕೆ ಕನ್ನಡಿ ಸಾಕು,” ಅಂದರು ನಿರ್ವಾಣಯ್ಯನವರು, ತಲೆ ಬಗ್ಗಿಸಿಕೊಂಡೇ. “ಹಿಂದಕ್ಕೆ ಇನ್ನೊಬ್ಬರು ಬೇಕು.”

ಶಿವಮಲ್ಲು ಅವ್ವನ ಮುಖ ನೋಡಿದ.

“ನನ್ನನ್ನೇನು ನೋಡ್ತೀಯಲಾ? ನನಗೂ ತಿಳೀಲಿಲ್ಲ,” ಅಂದರು ಅವ್ವ. “ನೀನೇ ಹಾಕು. ಹಾಕಿ ಆದ ಮೇಲೆ ಆ ಮಸ್ತಾನನಿಗೆ ಒಂದು ಸಲ ತೋರಿಸ್ಕೊಂಡು ಬಾ. ಅಷ್ಟೇ ಇರಬೇಕು ಇವನು ಹೇಳೋದು.”

ನಿರ್ವಾಣಯ್ಯನವರು ಇಲ್ಲ ಅನ್ನಲಿಲ್ಲ.

ಡಿಸ್ಕು, ಪ್ಯಾಡು ತರಲು ಶಿವಮಲ್ಲು ಮಸ್ತಾನನ ಹತ್ತಿರವೇ ಹೋದ. ಮಸ್ತಾನ್ ಹೊಸ ಡಿಸ್ಕುಗಳನ್ನು ಪೆಟ್ರೋಲು ಹಾಕಿದ ಬಟ್ಟೆಯಿಂದ ಚೆನ್ನಾಗಿ ಒರೆಸಿ, ಕಾಗದ ಸುತ್ತಿ ಕೊಟ್ಟ. ಯಾಕೆ ಒರೆಸಿದೆ ಅಂತ ಶಿವಮಲ್ಲು ಕೇಳಲಿಲ್ಲ. ಮಸ್ತಾನನೂ ಹೇಳಲಿಲ್ಲ. ಹೊಸ ಸಾಮಾನು ಕೊಡುವಾಗ ಧೂಳು ಒರೆಸಿ ಕೊಡುವುದು ಎಲ್ಲ ಅಂಗಡಿಯಲ್ಲೂ ಇರುವುದೇ ಅಂತ ಇವನು ಅಂದುಕೊಂಡ.

ಮಾರನೇ ದಿನ ಬೆಳಿಗ್ಗೆ ಮರದ ಕೆಳಗೆ ಕೆಲಸ ಶುರುವಾಯಿತು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕು ಎತ್ತಿ, ಮುಂದಿನ ಚಕ್ರ ಬಿಚ್ಚಿದ. ಅವ್ವ ಅವರೆಕಾಯಿ ಸುಲಿಯುವ ಮೊರ ತಂದುಕೊಂಡು ಪಕ್ಕದಲ್ಲೇ ಕೂತರು.

“ಇದಾ ಬ್ರೇಕು?”

“ಇದು ಚಕ್ರದ ಜೊತೆ ತಿರುಗೋ ತಟ್ಟೆ ಅವ್ವ. ಡಿಸ್ಕು ಅಂತಾರೆ. ಇವು ಪ್ಯಾಡು. ಕಾಲಲ್ಲಿ ಒತ್ತಿದ್ರೆ ಇವು ಎರಡು ಕಡೆಯಿಂದ ಬಂದು ತಟ್ಟೇನ ಕಚ್ಚಿ ಹಿಡೀತವೆ.”

“ಕಾಲು ತೆಗೆದ್ರೆ?”

“ಬಿಟ್ಟುಬಿಡ್ತವೆ.”

“ನಿಮ್ಮ ಬುದ್ಧಿಯೋರಿಗೆ ಇದನ್ನ ತೋರಿಸಬೇಕು ಕಣ್ಲಾ. ಹಿಡಿದದ್ದನ್ನ ಬಿಡೋದು ಅವನಿಗೆ ಹುಟ್ಟಿದಾಗಿಂದ ಬರಲಿಲ್ಲ.”

ಜಗಲಿಯ ಮೇಲೆ ಕೂತಿದ್ದ ನಿರ್ವಾಣಯ್ಯನವರು ಕೇಳಿಸದವರ ಹಾಗೆ ಹೊಳೆ ನೋಡಿದರು.

ಕಾಗದ ಬಿಚ್ಚಿ ಹೊಸ ಡಿಸ್ಕು ತೆಗೆದಾಗ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

“ಅಯ್ಯೋ, ಎಷ್ಟು ಲಕ್ಷಣವಾಗಿದೆ. ನಡುವೆ ತೂತೊಂದು ಇಲ್ದೇ ಇದ್ರೆ ದೋಸೆ ಹುಯ್ಯಬಹುದಿತ್ತು.”

ಶಿವಮಲ್ಲು ನಕ್ಕ. ಅಷ್ಟು ಸಂತೋಷವಾಗಿ ಅವನು ಕೆಲಸ ಮಾಡಿದ್ದನ್ನು ಆ ಅಂಗಳದಲ್ಲಿ ಯಾರೂ ನೋಡಿರಲಿಲ್ಲ. ಒಂದೊಂದು ಬೋಲ್ಟನ್ನೂ ಬಿಗಿದು, ಮತ್ತೆ ಮುಟ್ಟಿ ನೋಡಿದ. ಕೊನೆಗೆ ಒಳಗೆ ಕೂತು, ಪೆಡಲ್ಲು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಟ್ಟ. ಏನೂ ಮರೆಯಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಗಾಡಿಯನ್ನು ಪಟ್ಟಣಕ್ಕೆ ಒಯ್ದು ಮಸ್ತಾನನಿಗೆ ತೋರಿಸಿದ. ದಿಬ್ಬ ಇಳಿಯುವಾಗ ಗಾಡಿ ಹೇಳಿದ ಕಡೆ ನಿಂತಿತ್ತು. ಮಸ್ತಾನ್ ಒಂದು ಸುತ್ತು ಓಡಿಸಿದ, ಚಕ್ರದ ಹಿಂದೆ ತಲೆ ಹಾಕಿ ನೋಡಿದ.

“ಒಂದು ಕೊರತೆ ಇಲ್ಲ. ನೀವೆಲ್ಲ ಹೀಗೆ ಶುರು ಮಾಡಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ ಸ್ವಾಮಿ?”

ಶಿವಮಲ್ಲು ಆ ಮಾತನ್ನು ಆಶ್ರಮಕ್ಕೆ ತಂದು, ಅವ್ವನಿಗೆ ಹೇಳಿ, ಜಗಲಿಯ ಮೇಲಿದ್ದವರಿಗೂ ಕೇಳುವ ಹಾಗೆ ಮತ್ತೊಮ್ಮೆ ಹೇಳಿದ. ಹೆಮ್ಮೆಪಟ್ಟ ಅಂತಲೇ ಇಟ್ಟುಕೊಳ್ಳಿ. ಪಡಲಿ ಬಿಡಿ, ಅವನ ಪಾಲಿಗೆ ಉಳಿದದ್ದು ಅದೊಂದು ಸಂಜೆ.

ಆ ರಾತ್ರಿ ಸೋನೆ ಮಳೆ ಬಂತು.

ಬೆಳಿಗ್ಗೆ ಅವ್ವನನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಕರೆದೊಯ್ಯುವುದಿತ್ತು. ಪೊರೆ ಬಂದು, ಕತ್ತಲಾದರೆ ಒಲೆಯ ಮುಂದೆ ಬೆಂಕಿ ಯಾವುದು ಕೆಂಡ ಯಾವುದು ಅಂತ ತಡಕಾಡುತ್ತಿದ್ದರು. ಮಡಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತರು.

ಶಿವಮಲ್ಲು ಗಾಡಿ ಸುತ್ತ ಒಮ್ಮೆ ನಡೆದ. ಚಕ್ರದ ಸಂದಿಯಲ್ಲಿ ಡಿಸ್ಕು ಕಾಣಿಸಿತು. ಕೆಂಪಗಿತ್ತು.

“ಅಯ್ಯೋ, ನಿನ್ನೆ ಹಾಕಿದ್ದು. ಆಗಲೇ ತುಕ್ಕು ಬಂದುಬಿಟ್ಟಿದೆ.”

“ಬಾರದೆ ಇರ್ತದಾ? ನಿನ್ನೆ ಸಂಜೆ ಎಲ್ಲಕ್ಕೂ ಎಣ್ಣೆ ಮುಟ್ಟಿಸಿದೆವು, ಅದೊಂದನ್ನ ಬಿಟ್ಟೆವು,” ಅಂದರು ಅವ್ವ ಒಳಗಿನಿಂದ. “ಒಂದು ತೊಟ್ಟು ಮುಟ್ಟಿಸ್ಬಿಡು ಮಗ. ಹೊಸ ಕಬ್ಬಿಣ.”

ಜಗಲಿಯ ಮೇಲೆ ನಿರ್ವಾಣಯ್ಯನವರು ಇದ್ದರು. ಅವರಿಗೂ ಕೇಳಿಸಿತು. ಅವರೂ ಏನೂ ಅನ್ನಲಿಲ್ಲ. ಅನ್ನುವುದಕ್ಕೇನಿತ್ತು? ಅವರದೇ ನಿಯಮ.

ಶಿವಮಲ್ಲು ಕುಡಿಕೆ ತಂದ. ಚಕ್ರ ತಿರುಗಿಸಿ, ಹಿಂದಿನಿಂದ ಕೈ ತೂರಿಸಿ, ಎರಡೂ ಡಿಸ್ಕುಗಳ ಎರಡೂ ಮೈಗೆ ಹರಳೆಣ್ಣೆ ಸವರಿದ. ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಹಚ್ಚಿದ. ಕೆಂಪು ಹೋಗಿ ಕಬ್ಬಿಣ ಮತ್ತೆ ಮಿನುಗಿತು.

ಆ ತುಕ್ಕು ಎರಡು ಸಲ ಬ್ರೇಕು ಒತ್ತಿದರೆ ತಾನಾಗಿಯೇ ಹೋಗುವಂಥದು. ಅದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಅಂಗಳ ದಾಟುವವರೆಗೂ ಬ್ರೇಕು ಒತ್ತುವ ಪ್ರಸಂಗ ಬರಲಿಲ್ಲ. ಇಳಿಜಾರು ಶುರುವಾದಾಗ ಒತ್ತಿದ. ಪೆಡಲ್ಲು ಗಟ್ಟಿಯಾಗಿಯೇ ಇತ್ತು. ಗಾಡಿ ಮಾತ್ರ ಹಿಡಿತಕ್ಕೆ ಬರಲಿಲ್ಲ. ಇನ್ನೂ ಒತ್ತಿದ. ಜಾರಿಕೊಂಡೇ ಹೋಯಿತು.

ಕೆಳಗೆ ಕಡವಿನಲ್ಲಿ ಆಗಷ್ಟೇ ದೋಣಿ ಬಂದಿತ್ತು. ಬುಟ್ಟಿ ಹೊತ್ತ ಜನ ದಾರಿಯ ತುಂಬ ಮೇಲೆ ಹತ್ತಿ ಬರುತ್ತಿದ್ದರು. ಶಿವಮಲ್ಲು ಹ್ಯಾಂಡ್ ಬ್ರೇಕು ಎಳೆದ, ಹಾರ್ನು ಒತ್ತಿ ಹಿಡಿದ, ಕೊನೆಗೆ ಅವರನ್ನು ತಪ್ಪಿಸಿ ಎಡಕ್ಕೆ ತಿರುಗಿಸಿದ. ಎಡಕ್ಕೆ ಕಡವಿನ ಕಲ್ಲುಗೋಡೆ. ಗಾಡಿ ಅದಕ್ಕೆ ಬಡಿಯಿತು.

ಬೆಲ್ಟು ಹಾಕಿಕೊಳ್ಳಿ ಅಂದರೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದವರು ಅವ್ವ.

“ಅವರಿಗೆ ಯಾರಿಗೂ ಏನೂ ಆಗಲಿಲ್ಲ ತಾನೇ?” ಅಂತ ಕೇಳಿದರು.

“ಇಲ್ಲ ಅವ್ವ.”

“ನಿಂಗೆ?”

“ಇಲ್ಲ.”

ಅವರ ತಲೆ ಅವನ ತೊಡೆಯ ಮೇಲಿತ್ತು. ಆಮೇಲೆ ಅವರು ಮಾತಾಡಲಿಲ್ಲ.

ದೋಣಿಯ ಜನ ಓಡಿ ಬಂದರು. ಹಳೇ ಗಾಡಿ, ಬ್ರೇಕು ಕೈ ಕೊಟ್ಟಿದೆ ಅಂದರು. ಯಾರ ತಪ್ಪೂ ಅಲ್ಲ, ಅವರ ಆಯಸ್ಸು ಇಷ್ಟೇ ಇತ್ತು ಅಂದರು.

ಶಿವಮಲ್ಲು ಗೋಡೆಯ ಪಕ್ಕ ಕೂತಿದ್ದ. ಬಿಸಿಯಾದ ಚಕ್ರದಿಂದ ಹರಳೆಣ್ಣೆ ಕಾದ ವಾಸನೆ ಬರುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ. ಅವನಿಗೆ ತಿಳಿಯಿತು.

ಪೊಲೀಸರು ಬಂದು ಕೇಳಿದಾಗ ಇದ್ದದ್ದನ್ನೇ ಹೇಳಿದ. “ನಾನು ಎಣ್ಣೆ ಹಚ್ಚಿದೆ.” ಬಂದವರು, ಹೋದವರು, ಕೇಳಿದವರಿಗೆಲ್ಲ ಅದೇ ಹೇಳಿದ. ಅವ್ವ ಹಚ್ಚು ಅಂದರು ಅನ್ನುವ ಮಾತು ಮಾತ್ರ ಅವನ ಬಾಯಿಂದ ಒಂದು ದಿನವೂ ಹೊರಡಲಿಲ್ಲ.

ಹೊಳೆಯ ದಂಡೆಯಲ್ಲೇ ಅವ್ವನನ್ನು ಮಣ್ಣು ಮಾಡಿದರು. ಗುಂಡಿ ತೋಡಿದ್ದು ನಿರ್ವಾಣಯ್ಯನವರು. ಬೇರೆ ಯಾರಿಗೂ ಗುದ್ದಲಿ ಕೊಡಲಿಲ್ಲ. ತೋಡುತ್ತಾ ತೋಡುತ್ತಾ ಅತ್ತರು, ಎಲ್ಲರ ಎದುರಿಗೇ, ಮುಖ ಮುಚ್ಚಿಕೊಳ್ಳದೆ. ಗುರುವಾದವನು ಅಳಬಾರದು ಅನ್ನುವವರು ಬೇಕಾದರೆ ಬೇರೆ ಕಥೆ ಓದಿಕೊಳ್ಳಲಿ.

ಅಂದು ಸಂಜೆ ಅವರು ಗುದ್ದಲಿಯನ್ನು ಒರೆಸಲಿಲ್ಲ. ಮಣ್ಣು ಮೆತ್ತಿದ ಹಾಗೆಯೇ ಗೋಡೆಗೆ ಒರಗಿಸಿದರು.

ಅಂದಿನಿಂದ ಆಶ್ರಮದಲ್ಲಿ ಎಣ್ಣೆ ಮುಟ್ಟಿಸುವುದು ನಿಂತಿತು. ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲ. ಕುಡಿಕೆ ಗೋಡೆಯ ಗೂಡಿನಲ್ಲೇ ಉಳಿಯಿತು. ಕುಡುಗೋಲು ಕೆಂಪಾಯಿತು, ಬಾವಿಯ ರಾಟೆ ಅರಚತೊಡಗಿತು. ನಿರ್ವಾಣಯ್ಯನವರ ಮುಖದ ಮೇಲೆ ಗಡ್ಡ ಬಂತು, ಹಿಂತಲೆಯ ಕೂದಲು ಕುತ್ತಿಗೆಗೆ ಇಳಿಯಿತು.

ಕೆಲವು ದಿನಗಳಾದ ಮೇಲೆ ಮಸ್ತಾನ್ ಗಾಡಿಯನ್ನು ಸರಿಮಾಡಿ ತಂದು ಬಿಟ್ಟ. ಜಗಲಿಯ ಕೆಳಗೆ ನಿಂತುಕೊಂಡೇ ಮಾತಾಡಿದ.

“ಬುದ್ಧಿ, ಡಿಸ್ಕು ಒರೆಸಿ ಕೊಟ್ಟವನು ನಾನು. ಕಾರ್ಖಾನೆಯವರು ತುಕ್ಕು ಬಾರದಿರಲಿ ಅಂತ ಅದಕ್ಕೆ ಎಣ್ಣೆ ಸವರಿರ್ತಾರೆ. ಅದನ್ನ ತೆಗೀಲೇಬೇಕು, ಎಣ್ಣೆ ಇದ್ರೆ ಹಿಡಿಯಲ್ಲ. ಒರೆಸುವಾಗ ಅದೊಂದು ಮಾತು ಹೇಳಿದ್ರೆ ನನ್ನ ಗಂಟೇನು ಹೋಗ್ತಿತ್ತು?”

ಅವನ ಕಣ್ಣು ತುಂಬಿತ್ತು. ನಿರ್ವಾಣಯ್ಯನವರು ಇಳಿದು ಬಂದು ಅವನ ಭುಜ ಮುಟ್ಟಿ, ಒಳಗೆ ಕರೆದು ಮಜ್ಜಿಗೆ ಕೊಟ್ಟರು.

ಗಾಡಿ ಮರದ ಕೆಳಗೆ ನಿಂತಿತು. ಓಡಿಸುವವರಿಲ್ಲ.

ಶಿವಮಲ್ಲು ಅದರ ಕಡೆಗೆ ನೋಡುತ್ತಿರಲಿಲ್ಲ. ಕತ್ತಿ, ಕುಡುಗೋಲು, ಸ್ಪ್ಯಾನರು ಯಾವುದನ್ನೂ ಮುಟ್ಟುತ್ತಿರಲಿಲ್ಲ. ತರಕಾರಿ ಹೆಚ್ಚು ಅಂದರೆ ಈಳಿಗೆಮಣೆಯ ಮುಂದೆ ಕೂತು ಎದ್ದುಹೋಗುತ್ತಿದ್ದ. ನೀರು ಮಾತ್ರ ಹೊರುತ್ತಿದ್ದ, ಬೆಳಿಗ್ಗೆಯಿಂದ ಸಂಜೆವರೆಗೆ, ಹೊಳೆಯಿಂದ ದಿಬ್ಬಕ್ಕೆ. ಬಿಂದಿಗೆ ನೀರಿನಿಂದ ಯಾರ ಜೀವವೂ ಹೋಗುವುದಿಲ್ಲ ಅಂತ ಅವನ ಲೆಕ್ಕ. ತೊಟ್ಟಿ ತುಂಬಿ ಚೆಲ್ಲಿದರೂ ಹೊರುತ್ತಿದ್ದ.

ಕಡವಿನಲ್ಲಿ ಇಳಿದ ಕಾಯಿಲೆಯವರು ಪಟ್ಟಣದಿಂದ ಆಟೋ ಬರುವವರೆಗೆ ಕಾಯುತ್ತಿದ್ದರು. ಬಿಂದಿಗೆ ಹೊತ್ತು ಹತ್ತುವ ಶಿವಮಲ್ಲು ಅವರ ಪಕ್ಕದಲ್ಲೇ ಹಾದು ಹೋಗುತ್ತಿದ್ದ. ಅವರು ನರಳುವುದು ಅವನಿಗೆ ಕೇಳಿಸುತ್ತಿತ್ತು.

ಒಂದು ದಿನ ಹಾಗೆ ಕಾಯುತ್ತಿದ್ದ ಮುದುಕರೊಬ್ಬರು ಅವನನ್ನು ನಿಲ್ಲಿಸಿ ಕೇಳಿದರು.

“ಗಾಡಿ ಓಡಿಸ್ತಿದ್ದನಲ್ಲಪ್ಪ, ಮಲ್ಲು ಅಂತ. ಅವನು ಈಗ ಇಲ್ವಾ?”

“ಇಲ್ಲ,” ಅಂದ ಶಿವಮಲ್ಲು.

ಅವನು ಬಿಂದಿಗೆ ಇಳಿಸಿ ನೇರವಾಗಿ ಜಗಲಿಗೆ ಬಂದ.

“ಅಪ್ಪಣೆ ಕೊಡಿ ಬುದ್ಧಿ. ನಾನು ಹೊರಡ್ತೀನಿ.”

“ಎಲ್ಲಿಗೆ?”

“ಎಲ್ಲಿಗಾದರೂ. ಕೈಯಿಂದ ಏನೂ ಮಾಡಬೇಕಾಗಿಲ್ಲದ ಕಡೆ.”

“ಅಂಥ ಊರು ಇದೆಯಾ?”

ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದದ್ದು ಆಗ ಶಿವಮಲ್ಲುವಿನ ಬಾಯಿಂದ ಹೊರಗೆ ಬಂತು.

“ಗ್ಯಾರೇಜಿಗೆ ಬಿಟ್ಟಿದ್ರೆ ಅವ್ವ ಇರ್ತಿದ್ರು.”

“ಗ್ಯಾರೇಜಿನವನು ಹಾಕಿದ್ದರೂ ರಾತ್ರಿ ಮಳೆ ಬರ್ತಿತ್ತು,” ಅಂದರು ನಿರ್ವಾಣಯ್ಯನವರು. “ಬೆಳಿಗ್ಗೆ ತುಕ್ಕು ಕಾಣ್ತಿತ್ತು.”

“ಕಾಣ್ತಿತ್ತು. ನಾನು ನೋಡ್ತಿರಲಿಲ್ಲ. ನನ್ನ ಕೈಯಾರೆ ಹಾಕಿದ್ದು ಅಂತ ತಾನೇ ಬಗ್ಗಿ ನೋಡಿದ್ದು? ದುಡ್ಡು ಕೊಟ್ಟು ಹಾಕಿಸಿದ್ದರೆ ಹತ್ತಿ ಕೂತು ಹೊರಟುಬಿಡ್ತಿದ್ದೆ. ನನ್ನದು ಅನ್ನೋ ಪ್ರೀತಿಗೆ ಎಣ್ಣೆ ಹಚ್ಚಿದೆ ಬುದ್ಧಿ.”

ನಿರ್ವಾಣಯ್ಯನವರು ಜಗಲಿಯ ಅಂಚಿಗೆ ಸರಿದು ಕೂತರು.

ಆಮೇಲೆ ಕೇಳಿದರು:

“ಎಣ್ಣೆ ಮುಟ್ಟಿಸು ಅಂತ ಅಕ್ಕ ಅಂದಳು. ಅದನ್ನ ನೀನು ಯಾರಿಗೂ ಹೇಳಲಿಲ್ಲ. ಯಾಕೆ?”

ಶಿವಮಲ್ಲು ತಲೆ ಎತ್ತಲಿಲ್ಲ. “ಹಚ್ಚಿದ ಕೈ ನನ್ನದು.”

“ಅಕ್ಕನಿಗೆ ಅಂಥ ಅಭ್ಯಾಸ ಮಾಡಿಸಿದವನು ನಾನು. ಅವಳು ಹೇಳಿದಾಗ ಜಗಲಿ ಮೇಲೆ ಕೂತು ಕೇಳಿಸಿಕೊಂಡವನೂ ನಾನು. ಸರಿಯಾಗೇ ಹೇಳಿದಳು ಅಂತ ಮನಸ್ಸಿನಲ್ಲಿ ಮೆಚ್ಚಿಕೊಂಡೆ. ಕಬ್ಬಿಣಕ್ಕೆಲ್ಲ ಎಣ್ಣೆ ಹಚ್ಚಿ ಅಂದೆ. ಯಾವ ಕಬ್ಬಿಣಕ್ಕೆ ಹಚ್ಚಬಾರದು ಅಂತ ನಾನು ಹೇಳಿಕೊಡಲಿಲ್ಲ ಮಲ್ಲು. ನನಗೇ ಗೊತ್ತಿರಲಿಲ್ಲ.”

ಇಬ್ಬರೂ ಅತ್ತರು. ಗುರು ಜಗಲಿಯ ಮೇಲೆ, ಶಿಷ್ಯ ಕೆಳಗೆ. ಗುಂಡಿ ತೋಡಿದ ದಿನದ ಮೇಲೆ ಒಬ್ಬರಿಗೊಬ್ಬರು ಕಾಣದ ಹಾಗೆ ಅತ್ತಿದ್ದರು.

ಕೊನೆಗೆ ಶಿವಮಲ್ಲು ಕಣ್ಣು ಒರೆಸಿಕೊಂಡು ಬಗ್ಗಿ ಪಾದ ಮುಟ್ಟಿದ.

“ಹೊರಡ್ತೀನಿ ಬುದ್ಧಿ.”

“ಹೋಗುವವನನ್ನ ಹಿಡಿಯಲ್ಲ. ಹೋಗುವ ಮುಂಚೆ ಒಂದು ಕೆಲಸ ಇದೆ.”

ಅವರು ಒಳಗೆ ಹೋಗಿ ಒಂದು ತಗಡಿನ ಡಬ್ಬಿ, ಸಾಣೆಕಲ್ಲು ತಂದು ಅವನ ಮುಂದೆ ಇಟ್ಟರು. ಡಬ್ಬಿಯಲ್ಲಿ ಕ್ಷೌರದ ಕತ್ತಿ. ಅವ್ವ ಹೋದಾಗಿನಿಂದ ಯಾರೂ ತೆಗೆದಿರಲಿಲ್ಲ. ಅಲಗಿನ ತುಂಬ ತುಕ್ಕು.

ಶಿವಮಲ್ಲು ಕೈ ಹಿಂದಕ್ಕೆ ಎಳೆದುಕೊಂಡ.

“ಪಟ್ಟಣದಲ್ಲಿ ಕ್ಷೌರದ ಅಂಗಡಿ ಇದೆ ಬುದ್ಧಿ. ದುಡ್ಡು ಕೊಟ್ಟರೆ ನನಗಿಂತ ಚೆನ್ನಾಗಿ ಮಾಡ್ತಾರೆ.”

“ಮಾಡ್ತಾರೆ,” ಅಂದರು ನಿರ್ವಾಣಯ್ಯನವರು. “ಅವರಿಗೆ ಅಕ್ಕ ಗೊತ್ತಿಲ್ಲ.”

ಅವರು ಅಂಗಳಕ್ಕೆ ಇಳಿದು, ಹೊಂಗೆ ಮರಕ್ಕೆ ಕನ್ನಡಿ ನೇತುಹಾಕಿ, ಕಾರಿನ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. ಕಾಯುತ್ತಾ ಕೂತರು.

ಶಿವಮಲ್ಲು ಕತ್ತಿ ತೆಗೆದುಕೊಂಡ. ಎಷ್ಟೋ ದಿನದ ಮೇಲೆ ಕಬ್ಬಿಣ ಮುಟ್ಟಿದ್ದ. ಸಾಣೆಕಲ್ಲಿನ ಮೇಲೆ ನಿಧಾನವಾಗಿ ಆಡಿಸಿದ. ತುಕ್ಕು ಬಿಟ್ಟು ಅಲಗು ಕಾಣಿಸಿತು. ಬೆರಳಿನಲ್ಲಿ ಹರಿತ ನೋಡಿದ. ಆಮೇಲೆ ಎಣ್ಣೆ ಕುಡಿಕೆ ಇದ್ದ ಗೂಡಿನ ಕಡೆ ನೋಡಿದ.

“ಇದಕ್ಕೆ ಎಣ್ಣೆ ಬೇಕಾ?” ಕೇಳಿದರು ನಿರ್ವಾಣಯ್ಯನವರು. ಪರೀಕ್ಷೆ ಮಾಡುವವರ ಹಾಗಲ್ಲ, ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು.

“ಬೇಕು ಬುದ್ಧಿ.”

“ಬ್ರೇಕಿಗೆ?”

“ಬೇಡ.”

“ಈಗ ಇಬ್ಬರಿಗೂ ಗೊತ್ತಾಯ್ತು.”

“ತಡವಾಗಿ ಗೊತ್ತಾಯ್ತು.”

“ಹೌದು. ತಡವಾಯ್ತು.”

ಶಿವಮಲ್ಲು ಎದ್ದುಹೋಗಿ ಗೂಡಿನಿಂದ ಕುಡಿಕೆ ತಂದ. ಕುಡಿಕೆಯ ಅಂಚಿನಲ್ಲಿ ಅವ್ವನ ಹೆಬ್ಬೆರಳಿನ ಮಸಿ ಇನ್ನೂ ಇತ್ತು. ಅದನ್ನು ಅಳಿಸದ ಹಾಗೆ ಒಂದು ತೊಟ್ಟು ಎಣ್ಣೆ ತೆಗೆದು ಅಲಗಿಗೆ ಮುಟ್ಟಿಸಿ, ಬಟ್ಟೆಯಿಂದ ಒರೆಸಿದ.

ನಿರ್ವಾಣಯ್ಯನವರು ಕತ್ತಿ ಇಸಿದುಕೊಂಡು ಮುಖದ ಕ್ಷೌರ ತಾವೇ ಮಾಡಿಕೊಂಡರು. ಗಲ್ಲ ಮುಗಿಸಿದರು, ಗದ್ದ ಮುಗಿಸಿದರು. ಗಡ್ಡ ಹೋದ ಮುಖ ಅವ್ವನ ಮುಖದ ಹಾಗೇ ಇತ್ತು. ಶಿವಮಲ್ಲು ಅದನ್ನು ಮೊದಲು ಗಮನಿಸಿರಲಿಲ್ಲ.

ಅವರು ಕತ್ತಿಯನ್ನು ಅವನ ಕೈಗೆ ಕೊಟ್ಟರು. ಬೆನ್ನು ತಿರುಗಿಸಿ ಕೂತು ತಲೆ ಬಗ್ಗಿಸಿದರು.

ಶಿವಮಲ್ಲು ಅವರ ಹಿಂದೆ ನಿಂತ. ಹಿಂತಲೆಗೆ ನೀರು ಮುಟ್ಟಿಸಿದ. ಕುತ್ತಿಗೆಯ ಮೇಲೆ ನರ ಮಿಡಿಯುವುದು ಕಾಣುತ್ತಿತ್ತು. ಕತ್ತಿ ಅಲ್ಲಿಯವರೆಗೆ ಹೋಗಿ ನಿಂತಿತು.

“ಬುದ್ಧಿ, ನನ್ನ ಕೈ ನಡುಗುತ್ತೆ.”

“ನಡುಗಲಿ ಬಿಡು ಮಗ. ನಾನು ಅಲ್ಲಾಡೋದಿಲ್ಲ.”